ಛಾಪು, ಬೋರ್ಡು, ಹೆಸರು: ಭಾಂಡುಪ್‌ನಲ್ಲಿ ನಿಂತು ನೋಡಿದ ಬ್ರಾಂಡ್‌ಗಳ ಚರಿತ್ರೆ



ಬ್ರಾಂಡ್‌ಗಳ ಚರಿತ್ರೆಯನ್ನು ಮಾತಾಡಲು ಮುಂಬಯಿಯಲ್ಲಿ ಭಾಂಡುಪ್‌ಗಿಂತ ತಕ್ಕ ಜಾಗ ಇನ್ನೊಂದಿಲ್ಲ. 1843ರಲ್ಲಿ ಮುಂಬಯಿ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ ಭಾಂಡುಪ್‌ಗೆ ಬಂದಿದ್ದಾಗ, ಮುಂಬಯಿಯಿಂದ ಠಾಣೆ, ಕಲ್ಯಾಣಗಳ ಮೂಲಕ ಘಟ್ಟದ ಆಚೆಗೆ ರೈಲು ಹಾಕುವ ಯೋಚನೆ ಅವರಿಗೆ ಹೊಳೆಯಿತು ಎಂದು ರೈಲ್ವೆಯ ಚರಿತ್ರೆ ಹೇಳುತ್ತದೆ. ಹತ್ತು ವರ್ಷಗಳ ಮೇಲೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಹೋದ ಮೊದಲ ರೈಲು ಈ ಊರಿನ ಮಗ್ಗುಲಿನಿಂದಲೇ ಸಾಗಿತು. ನಾವಿಂದು ಬ್ರಾಂಡ್ ಎನ್ನುವ ವಸ್ತು ಈ ದೇಶದಲ್ಲಿ ಬೇರುಬಿಡಲು ಯಾವುದೇ ಜಾಹೀರಾತಿಗಿಂತ ದೊಡ್ಡ ಕಾರಣ ಆ ರೈಲು.

ಸಂತೆಯಲ್ಲಿ ಬ್ರಾಂಡ್ ಬೇಕಿರಲಿಲ್ಲ. ಎಣ್ಣೆ ಕೊಳ್ಳುವವರಿಗೆ ಗಾಣಿಗರ ಮನೆ ಗೊತ್ತಿತ್ತು, ಸೀರೆ ಕೊಳ್ಳುವವರಿಗೆ ನೇಕಾರರ ಓಣಿ ಗೊತ್ತಿತ್ತು. ಕೆಟ್ಟ ಮಾಲು ಕೊಟ್ಟವನನ್ನು ಮುಂದಿನ ವಾರ ಅದೇ ಮರದಡಿ ಹಿಡಿದು ಕೇಳಬಹುದಿತ್ತು. ರೈಲು ಬಂದ ಮೇಲೆ ಮಾಡಿದವನು ಒಂದು ಊರಿನಲ್ಲಿ, ಕೊಳ್ಳುವವನು ನೂರಾರು ಮೈಲಿಯಾಚೆ. ಪರಳದ ಗಿರಣಿಯಲ್ಲಿ ನೇಯ್ದ ಬಟ್ಟೆಯನ್ನು ಹುಬ್ಬಳ್ಳಿಯ ಪೇಟೆಯಲ್ಲಿ ಬಿಚ್ಚಿ ನೋಡುವ ಹೆಣ್ಣುಮಗಳು ಯಾರನ್ನು ನಂಬಬೇಕು? ಆ ನಂಬಿಕೆಯನ್ನು ಹೊರಲು ಥಾನಿನ ಮುಖಕ್ಕೆ ಒಂದು ಬಣ್ಣದ ಚೀಟಿ ಬಂತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಮೊದಲು ಅಂಟಿಸಿದರು, ನಮ್ಮ ಮುಂಬಯಿಯ ಗಿರಣಿಗಳೂ ಅದನ್ನೇ ಹಿಡಿದವು. ಹುಲಿ, ಆನೆ, ನವಿಲು, ಲಕ್ಷ್ಮಿ, ಕೃಷ್ಣ, ಕೊಡ ಹೊತ್ತ ಹೆಂಗಸು. ಓದಲು ಬಾರದವರು ಚಿತ್ರ ನೋಡಿಯೇ ಕೊಂಡರು. "ಹುಲಿ ಛಾಪಿನದು ಕೊಡಿ" ಎಂದರೆ ಅಂಗಡಿಯವನು ಬೇರೆಯದನ್ನು ದಾಟಿಸುವಂತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇಂಥ ಗುರುತುಗಳನ್ನು ನೋಂದಾಯಿಸುವ ಕಾನೂನು 1875ರಲ್ಲಿ ಬಂತು. ಮರುವರ್ಷ ಮೊದಲನೆಯದಾಗಿ ನೋಂದಣಿಯಾದದ್ದು ಬಾಸ್ ಕಂಪೆನಿಯ ಬಿಯರಿನ ಕೆಂಪು ತ್ರಿಕೋನ. ಭಾರತಕ್ಕೆ ಟ್ರೇಡ್ ಮಾರ್ಕ್ ನೋಂದಣಿಯ ಕಾನೂನು ಬಂದದ್ದು 1940ರಲ್ಲಿ. ಅದಕ್ಕೂ ಮೊದಲೇ ಛಾಪಿಗೆ ಬೆಲೆಯಿತ್ತು. ಕಾನೂನು ತಡವಾಗಿ ಬಂದು ಒಡೆತನವನ್ನು ಬರೆದುಕೊಂಡಿತು. ಈ ಎರಡರ ನಡುವಿನ ಅಂತರವೇ ನನ್ನ ಇಂದಿನ ಮಾತಿನ ಕೇಂದ್ರ. ಒಂದು ಹೆಸರನ್ನು ಬೆಳೆಸುವವರು ಒಬ್ಬರು, ಅದನ್ನು ಹೊಂದುವವರು ಇನ್ನೊಬ್ಬರು. ಈ ದಾರಿಯಲ್ಲಿ ನಮ್ಮ ಕನ್ನಡದವರು ಎಲ್ಲಿ ನಿಂತಿದ್ದರು ಎಂದು ನೋಡೋಣ.

ಮುಂಬಯಿಯ ಹಳೆಯ ಚಾಳುಗಳ ಮಾಡಿನಿಂದಲೇ ಶುರು ಮಾಡುತ್ತೇನೆ. 1865ರಲ್ಲಿ ಜರ್ಮನ್ ಮಿಷನರಿ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಜೇಡಿಮಣ್ಣನ್ನು ನಂಬಿ, ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ತೆಗೆದರು. ಆ ಹೆಂಚನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು: ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುತ್ತದೆ, ಮಳೆನೀರು ಹಿಂದಕ್ಕೆ ಹರಿಯುವುದಿಲ್ಲ. ಮಗುಚಿದರೆ ಒಳಮೈಯಲ್ಲಿ ಉಬ್ಬಿದ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ಇಸವಿ, ಮಂಗಳೂರು ಎಂಬ ಊರು. ಮುಚ್ಚಿಗೆಯಿಲ್ಲದ ಮನೆಯಲ್ಲಿ ಅಂಗಾತ ಮಲಗಿದವರು ಆ ಹೆಸರನ್ನು ದಿನವೂ ಓದಬಹುದಿತ್ತು. ಸೋರಿದರೆ ಯಾರನ್ನು ದೂರಬೇಕೆಂಬುದು ತಲೆಯ ಮೇಲೆಯೇ ಅಚ್ಚಾಗಿರುತ್ತಿತ್ತು. ಇದನ್ನು ನಾನು ಗುರುತಿನ ಅತ್ಯಂತ ಪ್ರಾಮಾಣಿಕ ರೂಪ ಎನ್ನುತ್ತೇನೆ. ಹೊರಗಿನವರಿಗೆ ಕಾಣುವ ಮೇಲ್ಮೈ ಬರಿದಾಗಿದೆ, ಬಳಸುವವರಿಗೆ ಕಾಣುವ ಕಡೆ ಮಾಡಿದವನ ವಿಳಾಸವಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಮಿಷನ್ನಿನ ಉದ್ಯಮ ಬ್ರಿಟಿಷರ ವಶವಾಗಿ ಕೈಬದಲಾಯಿತು. ಊರಿನ ಹೆಸರು ಮಾತ್ರ ಹಾಗೇ ಉಳಿಯಿತು. ಯಾರು ಮಾಡಿದರೂ ಅದು ಮಂಗಳೂರು ಹೆಂಚೇ.

ಅದೇ ಯುದ್ಧ ಮೈಸೂರಿಗೆ ಬೇರೊಂದು ಪಾಠ ಕಲಿಸಿತು. ಶ್ರೀಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ರಾಶಿ ಬಿದ್ದ ಗಂಧದಿಂದ ಎಣ್ಣೆ ತೆಗೆಯಲು 1916ರಲ್ಲಿ ಸಂಸ್ಥಾನವೇ ಕಾರ್ಖಾನೆ ಹಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯ. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಆ ಎಣ್ಣೆಯಿಂದ ಸಾಬೂನು ಮಾಡಿ 'ಸೋಪ್ ಶಾಸ್ತ್ರಿ' ಎಂದೇ ಹೆಸರಾದರು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಸಿಂಹದ ಮೈ ಆನೆಯ ತಲೆಯ ಶರಭ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಹೊರಡಿಸಿ ಪ್ರಚಾರ ಮಾಡಿದರು. ಒಂದು ರಾಜ್ಯವೇ ಹೆಸರಿನ ಒಡೆಯನಾದ ಅಪರೂಪದ ಉದಾಹರಣೆಯಿದು. ಆದ್ದರಿಂದಲೇ 2025ರಲ್ಲಿ ಆ ಸಾಬೂನನ್ನು ಮಾಡುವ ಕರ್ನಾಟಕ ಸರ್ಕಾರದ ಸಂಸ್ಥೆ 6.2 ಕೋಟಿ ರೂಪಾಯಿಗೆ ಹಿಂದಿ, ತೆಲುಗು ಚಿತ್ರಗಳ ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ನೇಮಿಸಿದಾಗ ಕನ್ನಡಿಗರು ಬೀದಿ ಬೀದಿಯಲ್ಲಿ ಚರ್ಚಿಸಿದರು. ಖಾಸಗಿ ಕಂಪೆನಿಯ ರಾಯಭಾರಿಯ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ. ಹೊರರಾಜ್ಯಗಳ ಮಾರುಕಟ್ಟೆ ಬೇಕೆಂಬ ಸಂಸ್ಥೆಯ ವಾದಕ್ಕೂ ತೂಕವಿದೆ. ಆದರೆ ಜನ ಕೇಳಿದ್ದು ನನಗೆ ಸಂತೋಷ ಕೊಟ್ಟಿತು, ಏಕೆಂದರೆ ಆ ಪ್ರಶ್ನೆಯ ಹಿಂದೆ "ಈ ಹೆಸರು ನಮ್ಮದು" ಎಂಬ ಹಕ್ಕಿನ ಮಾತಿತ್ತು.

ಈಗ ಭಾಂಡುಪ್‌ಗೆ ಬರುತ್ತೇನೆ. 1942ರಲ್ಲಿ, ಎರಡನೆಯ ಮಹಾಯುದ್ಧದಿಂದಾಗಿ ಬಣ್ಣದ ಆಮದು ನಿಂತಿದ್ದಾಗ, ಚಂಪಕ್‌ಲಾಲ್ ಚೋಕ್ಸಿ ಮತ್ತು ಅವರ ಮೂವರು ಗೆಳೆಯರು ಮುಂಬಯಿಯ ಒಂದು ಗ್ಯಾರೇಜಿನಲ್ಲಿ ಬಣ್ಣ ತಯಾರಿಸಲು ಕೂತರು. ಅದೇ ಏಷ್ಯನ್ ಪೇಂಟ್ಸ್. ದೊಡ್ಡ ನಗರಗಳ ದೊಡ್ಡ ವ್ಯಾಪಾರಿಗಳೆಲ್ಲ ವಿದೇಶಿ ಕಂಪೆನಿಗಳ ಕೈಯಲ್ಲಿದ್ದರು. ಆದ್ದರಿಂದ ಇವರು ಸಣ್ಣ ಊರುಗಳಿಗೆ, ಸಣ್ಣ ಡಬ್ಬಿಗಳಲ್ಲಿ ಹೋದರು. ಮಹಾರಾಷ್ಟ್ರದಲ್ಲಿ ಪೋಳಾ ಹಬ್ಬದ ದಿನ ರೈತರು ಎತ್ತಿನ ಕೊಂಬಿಗೆ ಬಣ್ಣ ಬಳಿಯುವುದನ್ನು ಕಂಡು ಚಿಕ್ಕ ಡಬ್ಬಿಗಳನ್ನು ಮಾರುಕಟ್ಟೆಗೆ ಬಿಟ್ಟರೆಂದು ಉದ್ಯಮದವರು ಹೇಳುತ್ತಾರೆ. ಕಾರಹುಣ್ಣಿಮೆಯಲ್ಲಿ ಎತ್ತು ಸಿಂಗರಿಸಿದ ಉತ್ತರ ಕರ್ನಾಟಕದ ಬಂಧುಗಳು ಈ ಸಭೆಯಲ್ಲಿದ್ದಾರೆ. ಎರಡು ಕೊಂಬಿಗೆ ಎಷ್ಟು ಬಣ್ಣ ಬೇಕೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಥ ಗಿರಾಕಿಗೆ ಹೆಸರು ಓದಿಸುವುದು ಹೇಗೆ? 1954ರಲ್ಲಿ ಕಂಪೆನಿ ಒಬ್ಬ ವ್ಯಂಗ್ಯಚಿತ್ರಕಾರರ ಬಳಿ ಹೋಯಿತು. ಆರ್. ಕೆ. ಲಕ್ಷ್ಮಣ್ ಆಗ ಟೈಮ್ಸ್ ಆಫ್ ಇಂಡಿಯಾದಲ್ಲಿದ್ದರು. ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆದು ಮುಂಬಯಿಗೆ ಬಂದವರು. ಅವರು ಒಬ್ಬ ಪೋರನನ್ನು ಬರೆದುಕೊಟ್ಟರು: ಕಣ್ಣಿನ ಮೇಲೆ ಬಿದ್ದ ಕೂದಲು, ಚಡ್ಡಿ, ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ತೊಟ್ಟಿಕ್ಕುವ ಕುಂಚ, ಈಗಷ್ಟೇ ಏನೋ ಕಿತಾಪತಿ ಮಾಡಿ ಬಂದ ಮುಖ. ಹೆಸರು ಸೂಚಿಸಿ ಎಂದು ಕಂಪೆನಿ 500 ರೂಪಾಯಿಯ ಬಹುಮಾನ ಇಟ್ಟಿತು. 47,000ಕ್ಕೂ ಹೆಚ್ಚು ಪತ್ರಗಳು ಬಂದವು. ಮುಂಬಯಿಯ ಇಬ್ಬರು ಒಂದೇ ಹೆಸರು ಬರೆದಿದ್ದರು: ಗಟ್ಟು.

ಈ ಹುಡುಗನ ಮುಖವನ್ನು ಸ್ವಲ್ಪ ಹೊತ್ತು ನೋಡಬೇಕು. ಆವರೆಗೆ ಲೇಬಲ್ಲುಗಳಲ್ಲಿ ದೇವರಿದ್ದರು, ರಾಜರಿದ್ದರು, ಹುಲಿಯಿತ್ತು. ಗಟ್ಟು ನಮ್ಮ ಓಣಿಯವನು. ಬಣ್ಣ ಬಳಿಯುವ ಕೆಲಸದವನ ಮಗನೂ ಇರಬಹುದು, ಮನೆ ಮಾಲೀಕನ ಮಗನೂ ಇರಬಹುದು. ಬಣ್ಣದ ಡಬ್ಬಿಯನ್ನು ಯಜಮಾನ ಸ್ವತಃ ಕೊಳ್ಳುತ್ತಿರಲಿಲ್ಲ. ಪೇಂಟರ್ ಹೇಳಿದ್ದನ್ನು ತರಿಸುತ್ತಿದ್ದ. ಆ ಪೇಂಟರನಿಗೆ ಇಂಗ್ಲಿಷ್ ಬಾರದು. "ಬಚ್ಚಾ ಛಾಪ್" ಎಂದರೆ ಅಂಗಡಿಯವನಿಗೆ ತಿಳಿಯುತ್ತಿತ್ತು. ಹದಿಮೂರು ವರ್ಷಗಳಲ್ಲಿ, 1967ರ ಹೊತ್ತಿಗೆ, ಏಷ್ಯನ್ ಪೇಂಟ್ಸ್ ದೇಶದ ಅತಿ ದೊಡ್ಡ ಬಣ್ಣದ ಕಂಪೆನಿಯಾಯಿತು. ಸಣ್ಣ ಡಬ್ಬಿ, ಹಳ್ಳಿಯವರೆಗಿನ ಸರಬರಾಜು, 1970ರಷ್ಟು ಹಿಂದೆಯೇ ಕೊಂಡ ಕಂಪ್ಯೂಟರ್, ಎಲ್ಲವೂ ಅದಕ್ಕೆ ಕಾರಣ. ಆದರೆ ಅಕ್ಷರ ಬಾರದ ಕೆಲಸಗಾರನನ್ನು ಗಿರಾಕಿಯೆಂದು ಗೌರವಿಸಿದ ಆ ಚಿತ್ರಕ್ಕೂ ದೊಡ್ಡ ಪಾಲಿದೆ. ಸಾಮಾನ್ಯ ಮನುಷ್ಯನನ್ನು ಪತ್ರಿಕೆಯ ಮುಖಪುಟಕ್ಕೆ ತಂದ ಕೈಯೇ ಅವನ ಓಣಿಯ ಹುಡುಗನನ್ನು ಬಣ್ಣದ ಡಬ್ಬಿಯ ಮೇಲೆ ಕೂರಿಸಿತು.

ಈ ಬಣ್ಣ ತಯಾರಾಗುತ್ತಿದ್ದದ್ದು ನಮ್ಮ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ, ಹಳಬರು ಆಗ್ರಾ ರೋಡ್ ಎನ್ನುವ ಈ ರಸ್ತೆಯ ಕಾರ್ಖಾನೆಯಲ್ಲಿ. ಇಲ್ಲೇ ಹತ್ತಿರದಲ್ಲಿ ಸಿಯೆಟ್ ಟೈರಿನ ಕಾರ್ಖಾನೆಯಿದೆ. 1924ರಲ್ಲಿ ಇಟಲಿಯ ಟೂರಿನ್‌ನಲ್ಲಿ ಹುಟ್ಟಿದ ಕೇಬಲ್ ಕಂಪೆನಿಯೊಂದರ ಹೆಸರಿನ ಮೊದಲಕ್ಷರಗಳು 1958ರಲ್ಲಿ ಭಾರತಕ್ಕೆ ಬಂದು ಭಾಂಡುಪ್‌ನಲ್ಲಿ ನೆಲೆಸಿದವು. 1982ರಲ್ಲಿ ಕಂಪೆನಿ ಗೋಯೆಂಕಾ ಕುಟುಂಬಕ್ಕೆ ಬಂತು. ಸಿಯೆಟ್ ಎಂಬ ಹೆಸರಿನ ಜಾಗತಿಕ ಹಕ್ಕನ್ನು ಪಿರೆಲ್ಲಿಯಿಂದ ಕೊಂಡದ್ದು 2010ರಲ್ಲಿ. ಅಂದರೆ ಐವತ್ತು ವರ್ಷ ಇಲ್ಲಿನ ಕಾರ್ಮಿಕರು ಟೈರು ಮಾಡಿದರು, ಅವರು ಅಚ್ಚೊತ್ತುತ್ತಿದ್ದ ಹೆಸರಿನ ಹೊರದೇಶದ ಹಕ್ಕು ಬೇರೆ ಯಾರದೋ ಆಗಿತ್ತು. ವಸ್ತುವಿನಿಂದ ಹೆಸರನ್ನು ಸುಲಿದು ಬೇರೆಯೇ ಮಾರಬಹುದೆಂಬುದು ಇಪ್ಪತ್ತನೆಯ ಶತಮಾನದ ವ್ಯಾಪಾರ ಕಂಡುಕೊಂಡ ಅತಿ ದೊಡ್ಡ ಸಂಗತಿ.

ಹೆಸರಿಗೆ ಒಡೆಯನೇ ಇಲ್ಲದಿದ್ದರೆ? ಅದಕ್ಕೂ ಮುಂಬಯಿಯಲ್ಲೇ ಉತ್ತರವಿದೆ, ಅದನ್ನು ಬರೆದವರು ನಮ್ಮವರು.

'ಉಡುಪಿ' ಎಂಬ ಬೋರ್ಡು. ಇದನ್ನು ಯಾರೂ ನೋಂದಾಯಿಸಿಲ್ಲ. ಊರಿನ ಹೆಸರನ್ನು ಒಬ್ಬರ ಟ್ರೇಡ್ ಮಾರ್ಕ್ ಮಾಡಿಕೊಡಲು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೇಂದ್ರ ಕಚೇರಿಯಿಲ್ಲ, ಜಾಹೀರಾತಿನ ಬಜೆಟ್ಟಿಲ್ಲ. ಆದರೂ ಕೊಲಾಬಾದಿಂದ ಕಲ್ಯಾಣದವರೆಗೆ ಈ ಬೋರ್ಡು ಕಂಡವರಿಗೆ ಒಳಗೆ ಏನು ಸಿಗುತ್ತದೆ, ಎಷ್ಟು ಹೊತ್ತಿನಲ್ಲಿ ಸಿಗುತ್ತದೆ, ಸುಮಾರು ಎಷ್ಟಾಗುತ್ತದೆ ಎಂದು ಗೊತ್ತಿರುತ್ತದೆ. ಗುಜರಾತಿ, ಮರಾಠಿ, ಪಂಜಾಬಿ ಮನೆಯವರು ಮಕ್ಕಳನ್ನು ಕರೆದುಕೊಂಡು ನಿಶ್ಚಿಂತೆಯಿಂದ ಬಂದು ಕೂರುತ್ತಾರೆ. ಯಾವ ಕಂಪೆನಿಗಾದರೂ ಇದಕ್ಕಿಂತ ಹೆಚ್ಚು ಏನು ಬೇಕು?

ಮಾಟುಂಗಾ ಸ್ಟೇಶನ್ನಿನ ಎದುರಿಗೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆಯ ಊಟ ಬಡಿಸುತ್ತಿದೆ. ಏಷ್ಯನ್ ಪೇಂಟ್ಸ್ ಹುಟ್ಟಿದ್ದೂ ಅದೇ ವರ್ಷ. ಒಂದೇ ನಗರದಲ್ಲಿ, ಒಂದೇ ವರ್ಷ, ನಂಬಿಕೆ ಗಳಿಸುವ ಎರಡು ದಾರಿಗಳು ಶುರುವಾದವು.

ಉಡುಪಿಯ ಹೆಸರಿನ ಬೇರು ಕೃಷ್ಣಮಠದ ಪಾಕಶಾಲೆಯಲ್ಲಿದೆ. ಮೊದಮೊದಲು ಆ ಬೋರ್ಡು ಅಡುಗೆಯವರ ಜಾತಿಯ ಭರವಸೆಯಾಗಿತ್ತು. 'ಬ್ರಾಹ್ಮಣರ ಫಲಾಹಾರ ಮಂದಿರ' ಎಂದು ಬಿಡಿಸಿ ಬರೆದವರೂ ಇದ್ದರು. ಕರಾವಳಿಯ ಹೋಟೆಲ್‌ಗಳಲ್ಲಿ ಯಾರು ಎಲ್ಲಿ ಕೂರಬೇಕೆಂಬ ಕಟ್ಟಳೆಗಳಿದ್ದ ಕಾಲವದು. ಇದನ್ನು ಮರೆಮಾಚಿ ಚರಿತ್ರೆ ಹೇಳುವುದು ಸರಿಯಲ್ಲ. ಮುಂಬಯಿ ಆ ಹೆಸರನ್ನು ತಿದ್ದಿತು. ಶಿವಳ್ಳಿ ಬ್ರಾಹ್ಮಣರ ಜೊತೆಗೆ ಗೌಡ ಸಾರಸ್ವತರು, ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು ಬಂದರು. ಲೋಕಲ್ ಹಿಡಿಯಲು ಓಡುವ ಗುಮಾಸ್ತನಿಗೆ ಅಡುಗೆಯವನ ಗೋತ್ರ ಬೇಕಿರಲಿಲ್ಲ. ತೊಳೆದ ಲೋಟ, ಬಿಸಿ ಇಡ್ಲಿ, ಹದವಾದ ಸಾಂಬಾರು, ಕೈಗೆಟಕುವ ದರ ಬೇಕಿತ್ತು. ಜಾತಿಯ ಮಡಿ ಶುಚಿತ್ವವಾಗಿ ಬದಲಾಯಿತು. ಬೋರ್ಡು ಅದೇ, ಅದರೊಳಗಿನ ಭರವಸೆ ಬೇರೆ. ಈ ಬದಲಾವಣೆಯನ್ನು ಯಾವ ಜಾಹೀರಾತು ಸಂಸ್ಥೆಯೂ ಮಾಡಲಿಲ್ಲ.

ಮಾಡಿದವರು ಯಾರು? ದೋಸೆಯ ಕಾವಲಿಯ ಮುಂದೆ ನಿಂತವರನ್ನು ನೋಡಿ. ನೀರು ಚಿಮುಕಿಸುತ್ತಾರೆ, ಅದು ಸಿಡಿದು ಹಾರುವ ಸದ್ದಿನಲ್ಲೇ ಕಾವು ಗೊತ್ತಾಗುತ್ತದೆ. ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಒಂದು ಸಲ ಗುಡಿಸುತ್ತಾರೆ. ಹಿಟ್ಟು ಸುರಿದು ಬಟ್ಟಲಿನ ತಳದಿಂದ ಒಳಗಿನಿಂದ ಹೊರಗೆ ಸುತ್ತುತ್ತಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪ್ರತಿ ದೋಸೆಯೂ ಒಂದೇ ಬಣ್ಣ. ದೊಡ್ಡ ಕಂಪೆನಿಗಳು ಯಂತ್ರದಿಂದ ಸಾಧಿಸುವ ಈ ಏಕರೂಪವನ್ನು ನಮ್ಮವರು ಕೈಯಿಂದ ಸಾಧಿಸಿದರು. ಹೊರಗೆ ಸಪ್ಲೈಯರ್ ಎಂಟು ಜನರ ತಿಂಡಿಯ ಲೆಕ್ಕವನ್ನು ಬಾಯಲ್ಲೇ ಕೂಡಿಸಿ ಗಲ್ಲಾಕ್ಕೆ ಕೂಗಿ ಹೇಳುತ್ತಿದ್ದ. ಟೇಬಲ್ ಒರೆಸುತ್ತಿದ್ದ ಹುಡುಗ ಸಂಜೆ ಕನ್ನಡದ ರಾತ್ರಿಶಾಲೆಗೆ ಓಡುತ್ತಿದ್ದ. ಅವರಲ್ಲಿ ಹಲವರು ವಕೀಲರಾದರು, ಬ್ಯಾಂಕಿನವರಾದರು, ಕವಿಗಳಾದರು. ಈ ಸಭಾಂಗಣದಲ್ಲಿ ಅಂಥವರು ಕೂತಿದ್ದಾರೆ; ಅವರಿಗೆ ನನ್ನ ನಮಸ್ಕಾರ.

ಹೆಸರು ಹೊತ್ತವರು ಅದರ ಪೆಟ್ಟನ್ನೂ ತಿಂದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ನಡೆದ ಚಳವಳಿಯಲ್ಲಿ ಉಡುಪಿ ಹೋಟೆಲ್‌ಗಳ ಗಾಜು ಒಡೆಯಿತು. ಒಂದು ಹೋಟೆಲ್ಲು ಮಾಡಿದ ಒಳ್ಳೆಯದು ಎಲ್ಲ ಉಡುಪಿಯವರ ಖಾತೆಗೆ ಜಮೆಯಾಗುವಂತೆ, ಎಲ್ಲಿಯದೋ ಸಿಟ್ಟು ಎಲ್ಲರ ಬಾಗಿಲಿಗೂ ಬಂತು. ಒಡೆಯನಿಲ್ಲದ ಹೆಸರಿಗೆ ಆಗ ವಕೀಲರನ್ನು ಇಡುವವರಾಗಲಿ, ವಿಮೆ ಕಟ್ಟುವವರಾಗಲಿ ಇರಲಿಲ್ಲ. ಮರುದಿನ ಶಟರ್ ಎತ್ತಿದ್ದೇ ಅದರ ರಕ್ಷಣೆ.

ಒಡೆಯನಿರುವ ಹೆಸರು, ಒಡೆಯನಿಲ್ಲದ ಹೆಸರು ಎಂಬ ಈ ಎರಡು ದಾರಿಗಳು ಕೂಡುವ ಜಾಗದಲ್ಲಿ ಮುಲ್ಕಿಯ ರಘುನಂದನ ಕಾಮತರು ನಿಲ್ಲುತ್ತಾರೆ. ಹಣ್ಣಿನ ವ್ಯಾಪಾರಿಯ ಮಗ, ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಅಣ್ಣನ ಹೋಟೆಲಿನಲ್ಲಿ ದುಡಿದವರು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ತೆರೆದರು. ಬರೀ ಐಸ್‌ಕ್ರೀಮಿಗೆ ಜನ ಬರಲಿಕ್ಕಿಲ್ಲವೆಂದು ಜೊತೆಗೆ ಪಾವ್ ಭಾಜಿ ಇಟ್ಟರು. ಹೆಸರು ನಿಂತ ಮೇಲೆ ಅದನ್ನು ಬಿಟ್ಟರು. ಸೀತಾಫಲ, ಎಳನೀರು, ಹಲಸು: ನಮ್ಮ ಹಿತ್ತಿಲಿನ ಹಣ್ಣುಗಳು ಮುಂಬಯಿಯ ಶ್ರೀಮಂತರ ತಟ್ಟೆಗೆ ಬಂದವು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ದೇಶದ ಐಸ್‌ಕ್ರೀಮ್ ಮನುಷ್ಯ ಎಂದು ಕರೆದವು. ಹಣ್ಣು ಮಾಗಿದೆಯೋ ಇಲ್ಲವೋ ಎಂದು ಹೇಳಬಲ್ಲ ಕೈಯಿಂದ ಬೆಳೆದ ಬ್ರಾಂಡ್ ಅದು. ಅಂಗಡಿಗಳು ನೂರು ದಾಟಿದ ಮೇಲೆ ಆ ಕೈಯ ತಿಳಿವಳಿಕೆಯನ್ನು ಹೇಗೆ ಉಳಿಸಿಕೊಳ್ಳುವುದೆಂಬುದು ಮುಂದಿನವರ ಹೊಣೆ.

ಇಷ್ಟು ಹೊತ್ತು ನಾನು ಹೇಳಿದ ಗುರುತುಗಳೆಲ್ಲ ವಸ್ತುವಿನ ಬಗ್ಗೆ ಏನನ್ನೋ ಹೇಳುತ್ತಿದ್ದವು: ಈ ಹೆಂಚು ಸೋರದು, ಈ ಸಾಬೂನಿನಲ್ಲಿ ಗಂಧವಿದೆ, ಈ ಇಡ್ಲಿ ಶುಚಿ. 1991ರ ಆರ್ಥಿಕ ಉದಾರೀಕರಣದ ನಂತರ ಮಾತು ನಿಧಾನವಾಗಿ ಕೊಳ್ಳುವವರ ಕಡೆ ತಿರುಗಿತು. 2000ದ ದಶಕದ ಆರಂಭದಲ್ಲಿ ಗಟ್ಟು ಮರೆಯಾದ. ಬಣ್ಣ ಎಷ್ಟು ವರ್ಷ ಬಾಳುತ್ತದೆ ಎನ್ನುವ ಬದಲು, ಮನೆ ತನ್ನಲ್ಲಿ ಇರುವವರು ಎಂಥವರೆಂದು ಹೇಳುತ್ತದೆ ಎಂಬ ಅರ್ಥದ ಜಾಹೀರಾತು ಬಂತು. ಜಾಹೀರಾತಾಗಿ ಅದು ಬಹಳ ಸುಂದರವಾಗಿತ್ತು, ನಾನೂ ಮೆಚ್ಚಿದವನೇ. ಆದರೆ ಅದರೊಂದಿಗೆ ಪೇಂಟರನ ಜಾಗಕ್ಕೆ ಮಾಲೀಕ ಬಂದ, ಓಣಿಯ ಹುಡುಗನ ಜಾಗಕ್ಕೆ ಡ್ರಾಯಿಂಗ್ ರೂಮು ಬಂತು. ಕಂಪೆನಿಯ ಲೆಕ್ಕದಲ್ಲಿ ಅದು ಸರಿ, ಗಿರಾಕಿ ಬದಲಾಗಿದ್ದ. ಗ್ರಾಹಕ ಸಂಸ್ಕೃತಿಯ ಲೆಕ್ಕದಲ್ಲಿ ನಾವು ಕಳೆದುಕೊಂಡದ್ದು ದೊಡ್ಡದು.

ಅದರ ಪರಿಣಾಮ ನಮ್ಮ ಚಾಳುಗಳಲ್ಲೇ ಕಾಣುತ್ತದೆ. ಹೆಂಚಿನ ಹೆಸರು ಒಳಮೈಯಲ್ಲಿತ್ತು. ಇಂದಿನ ಹೆಸರು ಎದೆಯ ಮೇಲೆ, ಬೂಟಿನ ಪಕ್ಕದಲ್ಲಿ, ಫೋನಿನ ಬೆನ್ನಿನಲ್ಲಿ, ಎದುರಿಗಿರುವವರು ಓದಲೆಂದೇ ಇದೆ. ಭಾಂಡುಪ್‌ನ ಟೇಂಬಿಪಾಡಾದ ಗುಡ್ಡದ ಮೇಲಿನ ಹತ್ತಡಿಯ ಕೋಣೆಯಲ್ಲಿರುವ ಹುಡುಗನಿಗೂ ಕಾಲೇಜಿಗೆ ಹೋಗಲು ಆ ಹೆಸರು ಬೇಕು. ಅಸಲಿ ಕೊಳ್ಳಲಾಗದಿದ್ದರೆ ಸ್ಟೇಶನ್ ರಸ್ತೆಯಲ್ಲಿ ನಕಲಿ ಸಿಗುತ್ತದೆ. ಅವನನ್ನು ಬೈಯುವವರ ಜೊತೆ ನಾನಿಲ್ಲ. ವಿಳಾಸ ಕೇಳಿಯೇ ಮನುಷ್ಯನನ್ನು ಅಳೆಯುವ ನಗರದಲ್ಲಿ ಅವನು ತನ್ನ ವಿಳಾಸವನ್ನು ಮುಚ್ಚುವ ಒಂದು ಬಟ್ಟೆ ಹುಡುಕುತ್ತಿದ್ದಾನೆ. ತಪ್ಪಿರುವುದು, ವಸ್ತುವಿನ ಗುಣ ಹೇಳಬೇಕಾದ ಗುರುತಿಗೆ ಮನುಷ್ಯನ ಬೆಲೆ ಹೇಳುವ ಅಧಿಕಾರವನ್ನು ನಾವೆಲ್ಲ ಸೇರಿ ಕೊಟ್ಟದ್ದರಲ್ಲಿ. ಮದುವೆಯ ಮಂಟಪದಲ್ಲಿ, ಗೃಹಪ್ರವೇಶದಲ್ಲಿ, ಶಾಲೆಯ ಗೇಟಿನಲ್ಲಿ ಆ ಅಧಿಕಾರವನ್ನು ಕೊಟ್ಟವರು ನಾವು ದೊಡ್ಡವರೇ.

2014ರಲ್ಲಿ ಏಷ್ಯನ್ ಪೇಂಟ್ಸ್‌ನ ಭಾಂಡುಪ್ ಕಾರ್ಖಾನೆ ಬಣ್ಣ ತಯಾರಿಸುವುದನ್ನು ನಿಲ್ಲಿಸಿತು. ಹೆಸರಿಗೆ ಏನೂ ಆಗಲಿಲ್ಲ, ಅದು ಬೇರೆ ಊರುಗಳ ಕಾರ್ಖಾನೆಗಳಲ್ಲಿ ಇನ್ನೂ ದೊಡ್ಡದಾಗಿ ಬೆಳೆದಿದೆ. ಈ ರಸ್ತೆಯ ಎರಡೂ ಬದಿಯಲ್ಲಿ ಕಾರ್ಖಾನೆಗಳಿದ್ದ ನೆಲದ ಮೇಲೆ ಗೋಪುರಗಳು ಏಳುತ್ತಿವೆ. ಮಂಗಳೂರು ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ, ಕಾಂಕ್ರೀಟಿನ ಎದುರು ಆ ಹೆಸರೂ ಸೊರಗುತ್ತಿದೆ. ಊರಿಗೆ ಅಂಟಿದ ಹೆಸರು ಊರಿನ ಜೊತೆಗೇ ಬಾಡುತ್ತದೆ. ಕಂಪೆನಿಗೆ ಅಂಟಿದ ಹೆಸರು ಊರನ್ನು ಬಿಟ್ಟುಹೋಗಬಲ್ಲದು. ಉಡುಪಿಯ ಬೋರ್ಡು ಮಾತ್ರ ಈ ನಡುವೆ ಇನ್ನೂ ಉಳಿದಿದೆ. ಅದರ ಚರಿತ್ರೆಯನ್ನು ಬರೆದಿಡಲು ಯಾವ ಕಂಪೆನಿಯ ಪ್ರಚಾರ ವಿಭಾಗವೂ ಇಲ್ಲ.

ಆದ್ದರಿಂದ ಈ ಉಪನ್ಯಾಸವನ್ನು ಏರ್ಪಡಿಸಿದ ಸಂಘದ ಮುಂದೆ ಒಂದು ಕೆಲಸ ಇಡುತ್ತೇನೆ. ನಿಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಹೋಟೆಲಿನ ಬಿಲ್ ಪುಸ್ತಕಗಳಿರಬಹುದು, ದರಪಟ್ಟಿ, ಉದ್ಘಾಟನೆಯ ಆಮಂತ್ರಣ, ಹೋಟೆಲಿನ ಹೆಸರು ಹಾಕಿಸಿದ ಕ್ಯಾಲೆಂಡರ್, ರಾತ್ರಿಶಾಲೆಯ ಸರ್ಟಿಫಿಕೇಟು, ಭಾಂಡುಪ್ ಕಾರ್ಖಾನೆಗಳ ಗೇಟ್‌ಪಾಸು ಇರಬಹುದು. ಗೋಪುರಕ್ಕೆ ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ಇವೇ. ಅವುಗಳನ್ನು ಸಂಘದ ಕಚೇರಿಗೆ ತಂದುಕೊಡಿ. ಫೋಟೊ ತೆಗೆದು, ಯಾರದು, ಯಾವ ಇಸವಿ, ಯಾವ ಗಲ್ಲಿ ಎಂದು ಬರೆದುಕೊಂಡು ಮೂಲವನ್ನು ನಿಮಗೇ ಹಿಂತಿರುಗಿಸಬಹುದು. ಕಾವಲಿಯ ಮುಂದೆ ನಿಂತವರ, ಕಾರ್ಖಾನೆಯ ಮಿಕ್ಸರ್ ಯಂತ್ರದ ಮುಂದೆ ನಿಂತವರ ಮಾತನ್ನು ಅವರ ಬಾಯಿಂದಲೇ ಧ್ವನಿಮುದ್ರಿಸಿಕೊಳ್ಳಲು ನಾಲ್ಕು ಜನ ಕಾಲೇಜು ಹುಡುಗ ಹುಡುಗಿಯರು ಬೇಕು. ಎಂಬತ್ತು ದಾಟಿದವರಿಂದ ಶುರು ಮಾಡಬೇಕು. ಹೆಸರು ಕೊಡಲಿಚ್ಛಿಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಿ.